ಮೂಗಿನ ದುರ್ಮಾಂಸ: ತೆಗೆದರೆ ಮುಗಿಯಿತೇ?

ಸುರಪುರ ತಾಲ್ಲೂಕಿನ ತಿಂಥಣಿಗೆ ಬೇಸಿಗೆಯಲ್ಲಿ ಹೋದರೆ ಕೃಷ್ಣಾ ನದಿಯನ್ನೊಮ್ಮೆ ಗಮನಿಸಿ. ಬಂಡೆಗಳ ನಡುವಿನ ಸಂದಿಗಳಲ್ಲಿ ನೀರು ಹರಿಯುತ್ತಿರುತ್ತದೆ. ಸಂದಿ ಮುಚ್ಚಿಹೋದರೆ ಅದರ ಹಿಂದಿನ ಗುಂಡಿಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ನಮ್ಮ ಮೂಗಿನೊಳಗೂ ಇದನ್ನು ಹೋಲುವ ವ್ಯವಸ್ಥೆಯಿದೆ.

ಮೂಗಿನ ಸುತ್ತಲಿನ ಮೂಳೆಗಳಲ್ಲಿ ಸೈನಸ್ ಎಂಬ ಗಾಳಿ ತುಂಬಿದ ಕುಹರಗಳಿವೆ. ಅಲ್ಲಿ ಸ್ರವಿಸುವ ಲೋಳೆಯನ್ನು ಸೂಕ್ಷ್ಮ ರೋಮಗಳು ಕಿರಿದಾದ ರಂಧ್ರಗಳ ಮೂಲಕ ಮೂಗಿಗೆ ಸಾಗಿಸುತ್ತವೆ. ಒಳಪೊರೆಯಲ್ಲಿ ಉರಿಯೂತ ಬಹುಕಾಲ ಉಳಿದರೆ ಅಂಗಾಂಶದಲ್ಲಿ ದ್ರವ ತುಂಬಿ, ಪೊರೆ ಊದಿ, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬೀಳುತ್ತದೆ. ಇದೇ ಪಾಲಿಪ್, ಜನರ ಮಾತಿನಲ್ಲಿ ದುರ್ಮಾಂಸ. ಸಾಮಾನ್ಯ ಪಾಲಿಪ್ ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಕಣ್ಣುಗಳ ನಡುವಿನ ಎಥ್ಮಾಯ್ಡ್ ಸೈನಸ್ ಭಾಗದಲ್ಲಿ ಹುಟ್ಟಿ, ಎರಡೂ ಹೊಳ್ಳೆಗಳಲ್ಲಿ ಬೆಳೆಯುತ್ತದೆ. ಮೂಗು ಕಟ್ಟುತ್ತದೆ, ವಾಸನೆ ತಿಳಿಯುವುದಿಲ್ಲ. ಅಸ್ತಮಾ ಇರುವವರಲ್ಲಿ ಇದು ಹೆಚ್ಚು.

ಸಣ್ಣ ಊತ, ದೊಡ್ಡ ತಡೆ

ಕೊಳವೆಯಲ್ಲಿ ದ್ರವ ಅಥವಾ ಅನಿಲ ಸುಗಮವಾಗಿ ಹರಿಯುವಾಗ, ಅದಕ್ಕಿರುವ ತಡೆ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಇದು ಪ್ವಾಸೆಯ್ ನಿಯಮ. ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು! ಮೂಗು ನೇರ ಕೊಳವೆಯಲ್ಲ, ಅಲ್ಲಿ ಗಾಳಿ ಸುಳಿಯೂ ಏಳುತ್ತದೆ. ಆದ್ದರಿಂದ ಲೆಕ್ಕ ಅಷ್ಟು ಸರಳವಲ್ಲ. ಆದರೂ ಸ್ವಲ್ಪ ಊತವೂ ಉಸಿರನ್ನು ಏಕೆ ಅಷ್ಟು ಕಷ್ಟಗೊಳಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಗಾಜಿನ ಸರಳುಗಳ ಕೊಡುಗೆ

ಮೊದಲ ಚಿಕಿತ್ಸೆ ಸ್ಟೀರಾಯ್ಡ್ ಸಿಂಪರಣೆ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದು. ಇವು ಸಾಲದಾದಾಗ ಶಸ್ತ್ರಚಿಕಿತ್ಸೆ. ಸೈನಸ್‌ನ ಪಕ್ಕದಲ್ಲೇ ಕಣ್ಣು, ಮೇಲೆ ಮಿದುಳು. ನಡುವೆ ತೆಳುವಾದ ಮೂಳೆ ಮಾತ್ರ. ಆದ್ದರಿಂದ ಸ್ಪಷ್ಟವಾಗಿ ಕಾಣುವುದು ಅತ್ಯಗತ್ಯ. ಇಲ್ಲಿ ನೆರವಿಗೆ ಬಂದವರು ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್. ಹಳೆಯ ದರ್ಶಕಗಳಲ್ಲಿ ಗಾಳಿಯ ನಡುವೆ ಪುಟ್ಟ ಮಸೂರಗಳಿದ್ದವು. 1959ರ ಸುಮಾರಿಗೆ ಅವರು ಉದ್ದನೆಯ ಗಾಜಿನ ಸರಳುಗಳನ್ನು ಜೋಡಿಸಿ, ನಡುವೆ ಕಿರಿದಾದ ಗಾಳಿಯ ಅಂತರವನ್ನಷ್ಟೇ ಬಿಟ್ಟರು. ಬಿಂಬ ಹೆಚ್ಚು ಪ್ರಕಾಶಮಾನವೂ ಸ್ಪಷ್ಟವೂ ಆಯಿತು. ಇಂದು ಸುಮಾರು 4 ಮಿಲಿಮೀಟರ್ ವ್ಯಾಸದ ಇಂಥ ಎಂಡೋಸ್ಕೋಪನ್ನು ಹೊಳ್ಳೆಯೊಳಗೆ ತೂರಿಸಿ, ಮುಖದ ಮೇಲೆ ಗಾಯವಿಲ್ಲದೆ ಪಾಲಿಪ್ ತೆಗೆದು ಸೈನಸ್ ದಾರಿಗಳನ್ನು ತೆರೆಯುತ್ತಾರೆ. ಸಿ.ಟಿ. ಸ್ಕ್ಯಾನ್ ಇದಕ್ಕೆ ನಕ್ಷೆಯಿದ್ದಂತೆ.

ಮತ್ತೆ ಬೆಳೆಯುವುದೇಕೆ?

ಶಸ್ತ್ರಚಿಕಿತ್ಸೆ ಸಂದಿಯನ್ನು ತೆರೆಯುತ್ತದೆ. ಉರಿಯೂತದ ಪ್ರವೃತ್ತಿಯನ್ನು ಅಳಿಸುವುದಿಲ್ಲ. ಆದ್ದರಿಂದ ಅನಂತರವೂ ಸಿಂಪರಣೆ ಬೇಕು. ತೆರೆದ ದಾರಿಯಲ್ಲಿ ಔಷಧಿ ಒಳಗಿನವರೆಗೂ ತಲುಪುತ್ತದೆ. "ಆಪರೇಷನ್ ಆಯಿತಲ್ಲ" ಎಂದು ಔಷಧಿ ನಿಲ್ಲಿಸಿದವರಿಗೆ ಪಾಲಿಪ್ ಮರಳುವ ಸಂಭವ ಹೆಚ್ಚು.

ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಸದಾ ಬಾಯಿಂದ ಉಸಿರಾಡುವ ಮಗುವಿದ್ದರೆ ಅದು ಪಾಲಿಪ್ ಎಂದು ತೀರ್ಮಾನಿಸಬೇಡಿ. ಮಕ್ಕಳಲ್ಲಿ ಅಡಿನಾಯ್ಡ್ ಗ್ರಂಥಿಯ ಊತ ಹೆಚ್ಚು ಸಾಮಾನ್ಯ. ಆದರೆ ಸುಮ್ಮನಿರಲೂಬೇಡಿ, ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲು ಪಾಲಕರಿಗೆ ಹೇಳಿ. ದೊಡ್ಡವರಲ್ಲಿ ಒಂದೇ ಹೊಳ್ಳೆಯಲ್ಲಿ ಗಡ್ಡೆ ಕಂಡರೆ, ರಕ್ತ ಬಂದರೆ ತಡಮಾಡುವಂತಿಲ್ಲ. ಅದು ಬೇರೆ ರೋಗವಿರಬಹುದು. ದುರ್ಮಾಂಸ ಸುಡುತ್ತೇವೆ ಎನ್ನುವವರ ಕೈಗಂತೂ ಮೂಗು ಕೊಡಬೇಡಿ.