ಹಳದಿ ಡಬ್ಬಿಯೊಳಗಿನ ಕೆಂಪು ಮೆಣಸಿನಕಾಯಿ

ಹೊರದೇಶಕ್ಕೆ ಓದಲು ಹೋಗಿ ಬಂದ ಹಿರಿಯರಿರುವ ಮನೆಗಳಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲೋ ಕಪಾಟಿನ ಕೆಳಗಿನ ಅರೆಯಲ್ಲೋ, ಒಂದು ಚಿಕ್ಕ ಹಳದಿ ಡಬ್ಬಿ ಇರುವುದುಂಟು. ಅದರೊಳಗೆ ಐದು ಸೆಂಟಿಮೀಟರ್ ಚೌಕದ ರಟ್ಟಿನ ಚೌಕಟ್ಟುಗಳು. ಪ್ರತಿಯೊಂದರ ನಡುವೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಒಂದು ತುಣುಕು ಫಿಲ್ಮು. ಅಂಗೈಯಲ್ಲಿಟ್ಟು ನೋಡಿದರೆ ಬರೀ ಕಪ್ಪು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೊಡನೆ ಅದೇ ಕಪ್ಪಿನೊಳಗಿಂದ ಬಣ್ಣಗಳು ಎದ್ದು ಬರುತ್ತವೆ. ಇದನ್ನೇ ಸ್ಲೈಡ್ ಎನ್ನುತ್ತೇವೆ. ಅಂತಹ ಒಂದು ಡಬ್ಬಿಯೊಡನೆ ನಾವು ಕಳೆದ ಕೆಲವು ತಿಂಗಳುಗಳ ಅನುಭವವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ಲೇಖನ.

ನಮ್ಮ ದೊಡ್ಡಪ್ಪನವರು 1966ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ತೆರಳಿದರು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ ಒಂದು ಕ್ಯಾಮರಾ ಕೊಂಡರು. 1969ರಲ್ಲಿ ರಜೆಯ ಮೇಲೆ ಹಾವೇರಿ ಸೀಮೆಯ ನಮ್ಮ ಊರಿಗೆ ಬಂದಾಗ ಮನೆ, ಹೊಲ, ಜಾತ್ರೆ, ಬಂಧುಬಳಗ ಎಲ್ಲವನ್ನೂ ಆ ಕ್ಯಾಮರಾದಲ್ಲಿ ಸೆರೆಹಿಡಿದು, ಫಿಲ್ಮುಗಳನ್ನು ಮರಳಿ ಅಲ್ಲಿಗೇ ಒಯ್ದು ಸಂಸ್ಕರಣ ಮಾಡಿಸಿದರು. ಅವುಗಳಲ್ಲೊಂದರಲ್ಲಿ ನಮ್ಮ ಅಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಾರೆ. ಬ್ಯಾಡಗಿ ಕಾಯಿಯ ಆ ಗಾಢ ಕೆಂಪು, ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ಬೆಳ್ಳಗಿನ ವಿಭೂತಿ. ಅಜ್ಜಿಯ ಉಳಿದ ಚಿತ್ರಗಳೆಲ್ಲ ಕಪ್ಪು ಬಿಳುಪಿನವು. ಅವರ ಸೀರೆಗೆ ಬಣ್ಣವಿತ್ತೆಂಬುದಕ್ಕೆ ನಮ್ಮಲ್ಲಿರುವ ಸಾಕ್ಷಿ ಇದೊಂದೇ.

ಸ್ಲೈಡಿನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದೂ ಇದೇ. ಸಾಮಾನ್ಯ ಫೋಟೋಗೆ ನೆಗೆಟಿವ್ ಇರುತ್ತದೆ. ಪ್ರತಿ ಹಾಳಾದರೆ ಮತ್ತೊಂದು ಪ್ರತಿ ತೆಗೆಸಬಹುದು. ಸ್ಲೈಡಿಗೆ ಹಾಗಿಲ್ಲ. ಕ್ಯಾಮರಾದೊಳಗೆ ಬೆಳಕು ಕಂಡ ಫಿಲ್ಮೇ ಸಂಸ್ಕರಣದಲ್ಲಿ ತಿರುವುಮುರುವಾಗಿ ನೇರಚಿತ್ರವಾಗಿ ನಮ್ಮ ಕೈಗೆ ಬರುತ್ತದೆ. ಅಂದು ಅಜ್ಜಿಯ ಮುಖದಿಂದ ಹೊರಟ ಬೆಳಕು ಬಿದ್ದದ್ದು ಇದೇ ತುಣುಕಿನ ಮೇಲೆ. ಅದು ಹೋದರೆ ಚಿತ್ರವೂ ಹೋಯಿತು.

ಆ ಹಳದಿ ಡಬ್ಬಿಯ ಫಿಲ್ಮಿನ ಹೆಸರು ಕೊಡಾಕ್ರೋಮ್. ಅದರ ಹುಟ್ಟಿನ ಕಥೆ ಸ್ವಾರಸ್ಯವಾದುದು. ಲಿಯೊಪೋಲ್ಡ್ ಮ್ಯಾನ್ಸ್ ಪಿಯಾನೋ ವಾದಕ, ಲಿಯೊಪೋಲ್ಡ್ ಗೊಡೌಸ್ಕಿ ಪಿಟೀಲು ವಾದಕ. ಸಂಗೀತಗಾರರಾದ ಈ ಇಬ್ಬರು ಗೆಳೆಯರಿಗೆ ಬಣ್ಣದ ಛಾಯಾಚಿತ್ರದ ಹುಚ್ಚು. ಗಡಿಯಾರ ಕಾಣದ ಕತ್ತಲೆಕೋಣೆಯಲ್ಲಿ ಅವರು ಬ್ರಾಮ್ಸ್‌ನ ಸಂಗೀತವನ್ನು ಸಿಳ್ಳೆಯಲ್ಲಿ ನುಡಿಸಿ ಸಮಯ ಲೆಕ್ಕ ಹಾಕುತ್ತಿದ್ದರೆಂದು ಹೇಳುತ್ತಾರೆ. ತಾಳ ತಪ್ಪದವರಿಗೆ ಗಡಿಯಾರವೇಕೆ! 1930ರಲ್ಲಿ ಕೊಡಾಕ್ ಕಂಪನಿ ಅವರನ್ನು ತನ್ನ ರೋಚೆಸ್ಟರಿನ ಪ್ರಯೋಗಾಲಯಕ್ಕೆ ಕರೆಸಿಕೊಂಡಿತು. 1935ರಲ್ಲಿ ಚಲನಚಿತ್ರದ ಫಿಲ್ಮಾಗಿಯೂ 1936ರಲ್ಲಿ ಸ್ಥಿರಚಿತ್ರದ ಫಿಲ್ಮಾಗಿಯೂ ಕೊಡಾಕ್ರೋಮ್ ಮಾರುಕಟ್ಟೆಗೆ ಬಂದಿತು. ಅದರ ವೈಶಿಷ್ಟ್ಯವೆಂದರೆ ಫಿಲ್ಮಿನಲ್ಲಿ ಬಣ್ಣವನ್ನು ಹುಟ್ಟಿಸುವ ದ್ರವ್ಯವೇ ಇರುತ್ತಿರಲಿಲ್ಲ. ಮೂರು ಪದರಗಳ ಬಣ್ಣಗಳನ್ನು ಸಂಸ್ಕರಣದ ವೇಳೆಯಲ್ಲಿ ಒಂದರ ನಂತರ ಒಂದರಂತೆ ಹೊರಗಿನಿಂದ ಸೇರಿಸಬೇಕಾಗಿತ್ತು. ಆದುದರಿಂದ ಅದನ್ನು ಊರೂರಿನ ಸ್ಟುಡಿಯೋಗಳಲ್ಲಿ ತೊಳೆಯುವುದು ಸಾಧ್ಯವಿರಲಿಲ್ಲ. 1946ರಲ್ಲಿ ಬಂದ ಎಕ್ಟಾಕ್ರೋಮ್ ಇದಕ್ಕೆ ವಿರುದ್ಧ. ಬಣ್ಣದ ದ್ರವ್ಯ ಫಿಲ್ಮಿನೊಳಗೇ ಇರುವುದರಿಂದ ಸಂಸ್ಕರಣ ಸುಲಭ.

ಸುಲಭವಾದದ್ದಕ್ಕೆ ಬೆಲೆ ತೆರಬೇಕಾಯಿತು ಎಂಬುದು ನಮ್ಮ ಟ್ರಂಕನ್ನು ತೆರೆದಾಗ ಕಣ್ಣಿಗೇ ಕಂಡಿತು. ದೊಡ್ಡಪ್ಪನವರು ಎರಡೂ ಬಗೆಯ ಫಿಲ್ಮುಗಳನ್ನು ಬಳಸಿದ್ದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕತ್ತಲೆಯಲ್ಲಿದ್ದ ಕೊಡಾಕ್ರೋಮ್ ಸ್ಲೈಡುಗಳು ನಿನ್ನೆ ತೆಗೆದಂತಿವೆ. ಅದೇ ಕಾಲದ ಎಕ್ಟಾಕ್ರೋಮ್ ಸ್ಲೈಡುಗಳಲ್ಲಿ ನೀಲಿ ಹಸಿರುಗಳು ಮಾಸಿ, ಆಕಾಶ, ಗಿಡ, ಮನುಷ್ಯರ ಮುಖ ಎಲ್ಲವೂ ಕೆಂಪಡರಿವೆ. ಇಲ್ಲೊಂದು ವಿಚಿತ್ರವೂ ಇದೆ. ಕತ್ತಲೆಯಲ್ಲಿ ಇಷ್ಟು ಗಟ್ಟಿಯಾದ ಕೊಡಾಕ್ರೋಮ್ ಪ್ರೊಜೆಕ್ಟರಿನ ತೀಕ್ಷ್ಣ ಬೆಳಕಿನಲ್ಲಿ ಮಾತ್ರ ಎಕ್ಟಾಕ್ರೋಮಿಗಿಂತ ಬೇಗ ಮಾಸುತ್ತದೆ. ನಮ್ಮ ಬಾಲ್ಯದಲ್ಲಿ ಗೋಡೆಗೆ ಬಿಳಿ ಧೋತರ ಕಟ್ಟಿ, ಮನೆಮಂದಿಯೆಲ್ಲ ಚಾಪೆಯ ಮೇಲೆ ಕುಳಿತು, ಎರವಲು ತಂದ ಪ್ರೊಜೆಕ್ಟರಿನ ಗುಂಯ್‌ಗುಟ್ಟುವಿಕೆಯ ನಡುವೆ ಸ್ಲೈಡು ನೋಡುತ್ತಿದ್ದೆವು. ನಯಾಗರಾ ಜಲಪಾತದ ಸ್ಲೈಡನ್ನು ಎಲ್ಲರೂ ಮತ್ತೆ ಮತ್ತೆ ತೋರಿಸೆನ್ನುತ್ತಿದ್ದರು. ಅದು ಇಂದು ಪೇಲವವಾಗಿದೆ. ಅಜ್ಜಿಯ ಸ್ಲೈಡನ್ನು ಯಾರೂ ಕೇಳುತ್ತಿರಲಿಲ್ಲ. ಅಜ್ಜಿ ಎದುರಿಗೇ ಕುಳಿತಿದ್ದರಲ್ಲ! ಅದು ಉಳಿದುಕೊಂಡಿತು.

ಡಬ್ಬಿಗಳಲ್ಲಿ ಅರ್ಧ ಭಾಗ ತೀರ್ಥಹಳ್ಳಿಯ ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದವು. ಮಲೆನಾಡಿನ ಮಳೆಗಾಲಗಳು ಅವುಗಳ ಮೇಲೆ ಜೇಡರ ಬಲೆಯಂತಹ ಬೂಷ್ಟನ್ನು ಹಬ್ಬಿಸಿಬಿಟ್ಟಿವೆ. ಬಣ್ಣವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರವೇ ಬೂಷ್ಟಿಗೆ ಆಹಾರ. ಒದ್ದೆ ಬಟ್ಟೆಯಿಂದ ಒರೆಸೋಣವೆಂದು ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ, ಚಿತ್ರವೇ ಬಟ್ಟೆಗೆ ಅಂಟಿ ಬರುತ್ತದೆ. ಗಾಳಿ ಊದುವ ರಬ್ಬರಿನ ಬುರುಡೆ ಮತ್ತು ಮೃದುವಾದ ಕುಂಚ, ಇವೆರಡಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಈ ಚಿತ್ರಗಳನ್ನು ಗಣಕಯಂತ್ರಕ್ಕೆ ಇಳಿಸುವ ನಮ್ಮ ಮೊದಲ ಪ್ರಯತ್ನ 2004ರಲ್ಲಿ ನಡೆಯಿತು. ನಗರದ ಒಂದು ಅಂಗಡಿಗೆ ನಲವತ್ತು ಸ್ಲೈಡುಗಳನ್ನು ಕೊಟ್ಟೆವು. ಮರಳಿ ಬಂದದ್ದು ಒಂದು ಸಿ.ಡಿ. ಮತ್ತು ಮೂವತ್ತೊಂಬತ್ತು ಸ್ಲೈಡುಗಳು. ಒಂದು ಎಲ್ಲಿ ಹೋಯಿತೆಂದು ಕೇಳಿದರೆ, “ಸಿ.ಡಿ.ಯಲ್ಲಿ ಇದೆಯಲ್ಲ ಸಾರ್” ಎಂಬ ಉತ್ತರ. ಸಿ.ಡಿ.ಯಲ್ಲಿದ್ದ ಚಿತ್ರಗಳು ಅಂಚೆಚೀಟಿಗಿಂತ ದೊಡ್ಡದು ಮಾಡಿದರೆ ಮಸುಕಾಗುತ್ತಿದ್ದವು. ಸ್ಲೈಡನ್ನು ಹಿಂದುಮುಂದಾಗಿ ಇಟ್ಟಿದ್ದರಿಂದ ಊರಿನ ಅಂಗಡಿಯ ಕನ್ನಡ ಫಲಕ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಆ ಸಿ.ಡಿ. ಈಗ ಯಾವ ಯಂತ್ರದಲ್ಲಿಯೂ ತೆರೆದುಕೊಳ್ಳುವುದಿಲ್ಲ. 1969ರ ಸ್ಲೈಡನ್ನು ನೋಡಲು ಮಾತ್ರ ಇಂದಿಗೂ ಸೂರ್ಯನೊಬ್ಬನಿದ್ದರೆ ಸಾಕು. ಕಳೆದುಹೋದ ಆ ಒಂದು ಸ್ಲೈಡು ನಮ್ಮ ತಂದೆ ಹುಡುಗನಾಗಿ ಎತ್ತಿನ ಬಂಡಿಯ ಮೇಲೆ ಕುಳಿತದ್ದು.

ಹೀಗಾಗಿ ಈ ಸಲ ಕೆಲಸವನ್ನು ನಾವೇ ಕೈಗೆತ್ತಿಕೊಂಡೆವು. ಫಿಲ್ಮಿಗಾಗಿಯೇ ಮಾಡಿದ ಸ್ಕ್ಯಾನರ್ ಪರಿಚಿತರಲ್ಲಿ ದೊರೆಯಿತು. ಅದಿಲ್ಲದವರು ಒಳ್ಳೆಯ ಡಿಜಿಟಲ್ ಕ್ಯಾಮರಾಕ್ಕೆ ಸಮೀಪದ ವಸ್ತುಗಳನ್ನು ತೆಗೆಯುವ ಮ್ಯಾಕ್ರೋ ಮಸೂರ ಜೋಡಿಸಿ, ಕೆಳಗಿನಿಂದ ಸಮನಾದ ಬಿಳಿ ಬೆಳಕು ಕೊಟ್ಟು ಸ್ಲೈಡಿನ ಚಿತ್ರ ತೆಗೆಯಬಹುದು. ಫಲ ಉತ್ತಮವಾಗಿಯೇ ಬರುತ್ತದೆ. ಅಂಗುಲಕ್ಕೆ 4,000 ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಒಂದು ಸ್ಲೈಡಿನಿಂದ ಸುಮಾರು 2 ಕೋಟಿ ಬಿಂದುಗಳ ಚಿತ್ರ ದೊರೆಯುತ್ತದೆ. ಟಿಫ್ ಎಂಬ ರೂಪದಲ್ಲಿ, ಬಣ್ಣಕ್ಕೆ 16 ಬಿಟ್‌ನಂತೆ ಉಳಿಸಿದರೆ ಒಂದೊಂದು ಚಿತ್ರವೂ 120 ಮೆಗಾಬೈಟ್ ದಾಟುತ್ತದೆ. ಜಾಗ ಹೆಚ್ಚು ಬೇಕೆಂದು ಮಕ್ಕಳು ಗೊಣಗಿದರೂ ನಾವು ಮಣಿಯಲಿಲ್ಲ. ಬಂಧುಗಳಿಗೆ ಕಳುಹಿಸಲು ಚಿಕ್ಕ ಜೆಪೆಗ್ ಪ್ರತಿಗಳನ್ನು ಆಮೇಲೆ ಎಷ್ಟಾದರೂ ಮಾಡಬಹುದು.

ಸ್ಕ್ಯಾನರಿಗೆ ಧೂಳನ್ನು ತಾನೇ ಗುರುತಿಸಿ ಅಳಿಸುವ ವಿದ್ಯೆಯೂ ಗೊತ್ತು. ಅವಗೆಂಪು ಕಿರಣವನ್ನು ಫಿಲ್ಮಿನ ಬಣ್ಣಗಳು ತಡೆಯುವುದಿಲ್ಲ, ಧೂಳು ತಡೆಯುತ್ತದೆ ಎಂಬುದೇ ಅದರ ಗುಟ್ಟು. ಕೊಡಾಕ್ರೋಮಿನ ಬಣ್ಣಗಳು ಮಾತ್ರ ಆ ಕಿರಣವನ್ನೂ ಸ್ವಲ್ಪ ತಡೆಯುತ್ತವೆ. ಹಾಗಾಗಿ ಯಂತ್ರ ಅಜ್ಜಿಯ ಹುಬ್ಬಿನ ಕೂದಲನ್ನೇ ಧೂಳೆಂದು ತಿಳಿದು ಅಳಿಸತೊಡಗಿತು! ಅದನ್ನು ನಿಲ್ಲಿಸಿ, ಚುಕ್ಕೆಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆದೆವು. ಬಣ್ಣವೂ ಮೊದಲಿಗೆ ನೀಲಿಯತ್ತ ವಾಲಿತ್ತು. ಅದನ್ನು ಸರಿಪಡಿಸಲು ನಮಗೆ ದೊರೆತ ಅಳತೆಗೋಲು ಅಜ್ಜಿಯ ಹಣೆಯ ವಿಭೂತಿ. ಅದು ಬೆಳ್ಳಗಾಗುವವರೆಗೆ ತಿದ್ದುತ್ತ ಹೋದಾಗ ಮೆಣಸಿನಕಾಯಿಯ ಕೆಂಪೂ ಸೀರೆಯ ಹಸಿರೂ ತಾವಾಗಿಯೇ ನೆಲೆಗೆ ಬಂದವು.

ಟ್ರಂಕಿನ ಮೂಲೆಯಲ್ಲಿ ಸಂಸ್ಕರಣವಾಗದ ಒಂದು ಕೊಡಾಕ್ರೋಮ್ ಸುರುಳಿಯೂ ದೊರೆಯಿತು. ಕೊಡಾಕ್ ಸಂಸ್ಥೆ 2009ರ ಜೂನ್‌ನಲ್ಲಿ ಈ ಫಿಲ್ಮನ್ನು ನಿಲ್ಲಿಸುವುದಾಗಿ ಘೋಷಿಸಿತು. ಕೊನೆಯದಾಗಿ ತಯಾರಾದ ಸುರುಳಿಯನ್ನು ಪಡೆದ ಸ್ಟೀವ್ ಮೆಕ್‌ಕರಿ ಅದರ 36 ಚಿತ್ರಗಳಲ್ಲಿ ಹಲವನ್ನು 2010ರಲ್ಲಿ ನಮ್ಮ ಮುಂಬಯಿಯಲ್ಲಿಯೂ ರಾಜಸ್ಥಾನದ ರಬಾರಿ ಜನರ ನಡುವೆಯೂ ತೆಗೆದರು. ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಸಂಸ್ಕರಣಾಲಯ, ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನದು, 2010ರ ಡಿಸೆಂಬರ್ 30ರವರೆಗೆ ಈ ಫಿಲ್ಮುಗಳನ್ನು ಸ್ವೀಕರಿಸಿ ಆಮೇಲೆ ಅವುಗಳ ಸಂಸ್ಕರಣವನ್ನು ನಿಲ್ಲಿಸಿತು. ಈಗ ನಮ್ಮ ಸುರುಳಿಯಿಂದ ಕಪ್ಪು ಬಿಳುಪಿನ ಚಿತ್ರವನ್ನಷ್ಟೇ, ಅದೂ ಅದೃಷ್ಟವಿದ್ದರೆ, ಪಡೆಯಬಹುದು. ಅದರಲ್ಲಿ ಏನಿದೆಯೋ, ದೊಡ್ಡಪ್ಪನವರು ಈಗ ಹೇಳುವಂತಿಲ್ಲ.

ಸ್ಕ್ಯಾನಿಂಗ್‌ಗಿಂತ ಕಷ್ಟವಾದದ್ದು ಮುಂದಿತ್ತು. ಚಿತ್ರ ಸ್ಪಷ್ಟವಾಗಿದೆ, ಆದರೆ ಚಿತ್ರದಲ್ಲಿರುವವರು ಯಾರು? ಎಂಬತ್ತೇಳು ವರ್ಷದ ಸೋದರತ್ತೆಯನ್ನು ತೀರ್ಥಹಳ್ಳಿಯಿಂದ ಕರೆತಂದು ಪರದೆಯ ಮುಂದೆ ಕೂರಿಸಿದೆವು. ಮೂರು ಸಂಜೆಗಳ ಕಾಲ ಅವರು ಹೇಳುತ್ತ ಹೋದರು, ನಮ್ಮ ಮಗಳು ಬರೆದುಕೊಳ್ಳುತ್ತ ಹೋದಳು. ಮುಖ ಗುರುತಾಗದಿದ್ದಲ್ಲಿ ಬಂಡಿಯ ಗಾಲಿಯಿಂದ, ಕಟ್ಟೆಯ ಕಲ್ಲಿನಿಂದ, ಒಬ್ಬರು ನಿಂತ ಭಂಗಿಯಿಂದ ಹೆಸರು ಹಿಡಿದರು. ಹೆಸರುಗಳನ್ನು ಸ್ಲೈಡಿನ ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದು, ಅದೇ ಕ್ರಮಸಂಖ್ಯೆಯನ್ನು ಗಣಕಯಂತ್ರದ ಕಡತಕ್ಕೂ ಕೊಟ್ಟೆವು. ಕಡತಗಳ ಒಂದು ಹಾರ್ಡ್ ಡಿಸ್ಕ್ ನಮ್ಮಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ. ಮೂಲ ಸ್ಲೈಡುಗಳನ್ನು ಎಸೆಯುವ ಮಾತೇ ಇಲ್ಲ. ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಉಕ್ಕಿನ ಕಪಾಟಿನಲ್ಲಿವೆ.

ಅಜ್ಜಿಯ ಮೆಣಸಿನಕಾಯಿಯ ಚಿತ್ರದಲ್ಲಿ ಹಿಂದೆ, ಬಾಗಿಲ ಚೌಕಟ್ಟಿಗೆ ಆತುಕೊಂಡು, ಹಳದಿ ಸೀರೆಯ ಒಬ್ಬ ತರುಣಿ ನಗುತ್ತಿದ್ದಾಳೆ. ಸೋದರತ್ತೆ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ನನ್ನ ಅಕ್ಕ ಇದ್ದಿದ್ದರೆ ಹೇಳುತ್ತಿದ್ದಳು” ಎಂದರು. ಆ ಸ್ಲೈಡಿನ ರಟ್ಟಿನ ಮೇಲೆ ಅಜ್ಜಿಯ ಹೆಸರಿನ ಪಕ್ಕದಲ್ಲಿ ಒಂದು ಗೆರೆಯಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇವೆ.