ಲಕ್ಕುಂಡಿ

ಲಕ್ಕುಂಡಿಯು ಕರ್ನಾಟಕ ರಾಜ್ಯದ ಗದಗ ಜಿಲ್ಲೆ ಮತ್ತು ತಾಲ್ಲೂಕಿಗೆ ಸೇರಿದ ಐತಿಹಾಸಿಕ ಗ್ರಾಮ. ಇದು ಗದಗ ನಗರದಿಂದ ಪೂರ್ವಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿ, ಕೊಪ್ಪಳ ಹಾಗೂ ಹೊಸಪೇಟೆಗಳತ್ತ ಸಾಗುವ ಹೆದ್ದಾರಿಯ ಬದಿಯಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು, ಬಸದಿಗಳು, ಮೆಟ್ಟಿಲು ಬಾವಿಗಳು ಮತ್ತು ಶಾಸನಗಳಿಗೆ ಇದು ಹೆಸರುವಾಸಿ. ಹಳೆಯ ಪಟ್ಟಣದ ನೆಲೆಯಲ್ಲೇ ಇಂದಿನ ಊರೂ ಬೆಳೆದಿರುವುದರಿಂದ ಸ್ಮಾರಕಗಳು ಮನೆ, ಓಣಿ, ಹೊಲಗಳ ನಡುವೆ ಹರಡಿಕೊಂಡಿವೆ. ಒಂದೆರಡು ಗುಡಿಗಳನ್ನಷ್ಟೇ ಕಂಡು ಹಿಂದಿರುಗಿದವರಿಗೆ ಇದು ಒಂದು ಕಾಲದಲ್ಲಿ ಸಂಪನ್ನ ಪಟ್ಟಣವಾಗಿತ್ತೆಂಬುದು ಮನವರಿಕೆಯಾಗುವುದಿಲ್ಲ.

ಹೆಸರು ಮತ್ತು ಇತಿಹಾಸ

ಶಾಸನಗಳಲ್ಲಿ ಈ ಊರಿನ ಹೆಸರು ‘ಲೊಕ್ಕಿಗುಂಡಿ’. ಇದು ವಿದ್ವಾಂಸರಾದ ಮಹಾಜನರಿದ್ದ ಅಗ್ರಹಾರವೂ ಟಂಕಸಾಲೆಯಿದ್ದ ಊರೂ ಆಗಿತ್ತು. ಇಲ್ಲಿ ಅಚ್ಚಾದ ಚಿನ್ನದ ನಾಣ್ಯವು ‘ಲೊಕ್ಕಿ ಗದ್ಯಾಣ’ ಎಂದು ಪ್ರಸಿದ್ಧವಾಗಿತ್ತು. 12ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಸೇವುಣರ ಐದನೆಯ ಭಿಲ್ಲಮನನ್ನು ಸೋಲಿಸಿದ ಬಳಿಕ ಲೊಕ್ಕಿಗುಂಡಿಯನ್ನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡನು.

ಲಕ್ಕುಂಡಿಯ ಹೆಸರಿನೊಡನೆ ಬೆಸೆದುಕೊಂಡಿರುವ ವ್ಯಕ್ತಿಯೆಂದರೆ ‘ದಾನಚಿಂತಾಮಣಿ’ ಅತ್ತಿಮಬ್ಬೆ. ಈಕೆ ಕವಿ ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು (ಕ್ರಿ.ಶ. 993) ಬರೆಸಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸುಪರಿಚಿತ ಸಂಗತಿ.

ಪ್ರಮುಖ ಸ್ಮಾರಕಗಳು

ಬ್ರಹ್ಮ ಜಿನಾಲಯ: ಅತ್ತಿಮಬ್ಬೆಯು ಕ್ರಿ.ಶ. 1007ರಲ್ಲಿ, ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ ಕಟ್ಟಿಸಿದ ಬಸದಿಯಿದು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಇಲ್ಲಿ ಬಳಸಿರುವುದು ನಯವಾದ ಬಳಪದ ಕಲ್ಲು. ಈ ಕಲ್ಲು ಸೂಕ್ಷ್ಮ ಕೆತ್ತನೆಗೆ ಒದಗುವುದರಿಂದ ಮುಂದಿನ ಚಾಲುಕ್ಯ ಮತ್ತು ಹೊಯ್ಸಳ ಶಿಲ್ಪಿಗಳಿಗೂ ಪ್ರಿಯವಾಯಿತು. ಬಸದಿಯ ಒಳಗಿನ ಚತುರ್ಮುಖ ಬ್ರಹ್ಮ ಹಾಗೂ ಪದ್ಮಾವತಿಯ ವಿಗ್ರಹಗಳು ಗಮನಾರ್ಹ. ಸಮೀಪದಲ್ಲೇ ಪುರಾತತ್ವ ಇಲಾಖೆಯ ಶಿಲ್ಪ ಸಂಗ್ರಹಾಲಯವಿದೆ.

ಕಾಶಿ ವಿಶ್ವೇಶ್ವರ ದೇವಾಲಯ: ಊರಿನ ಗುಡಿಗಳಲ್ಲೆಲ್ಲ ಹೆಚ್ಚು ಅಲಂಕೃತವಾದುದು. ಶಿವನ ಗರ್ಭಗೃಹಕ್ಕೆ ಎದುರಾಗಿ ಸೂರ್ಯನ ಚಿಕ್ಕ ಗುಡಿಯಿದೆ. ಬಾಗಿಲುವಾಡಗಳ ಪಟ್ಟಿಕೆಗಳನ್ನೂ ತಿರುಗಣೆಯಲ್ಲಿ ಕಡೆದ ಕಂಬಗಳನ್ನೂ ಸಾವಕಾಶವಾಗಿ ನೋಡಬೇಕು. ಹತ್ತಿರದ ನನ್ನೇಶ್ವರ ದೇವಾಲಯವು ಇದೇ ಬಗೆಯ, ಆದರೆ ಸರಳವಾದ ರಚನೆ. ಎರಡನ್ನೂ ಒಂದರ ಬಳಿಕ ಒಂದರಂತೆ ಕಂಡರೆ ಶೈಲಿ ಬೆಳೆದ ಬಗೆ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುತ್ತದೆ.

ಮಾಣಿಕೇಶ್ವರ ದೇವಾಲಯ ಮತ್ತು ಮುಸುಕಿನ ಬಾವಿ: ದೇವಾಲಯಕ್ಕೆ ಹೊಂದಿಕೊಂಡಂತೆ ಆಳವಾದ ಮೆಟ್ಟಿಲು ಬಾವಿಯಿದೆ. ಇದರ ಗೋಡೆಗಳಲ್ಲಿ ಪುಟ್ಟ ಗುಡಿಗಳಂತಹ ಗೂಡುಗಳಿವೆ.

ಬಾವಿಗಳ ಮಹತ್ವ

‘101 ಗುಡಿ, 101 ಬಾವಿ’ ಎಂಬುದು ಲಕ್ಕುಂಡಿಯನ್ನು ಕುರಿತ ಜನಜನಿತ ಮಾತು. ಇದನ್ನು ಎಣಿಕೆಯೆಂದಲ್ಲ, ಊರಿನ ಸಮೃದ್ಧಿಯ ನೆನಪೆಂದು ತಿಳಿಯುವುದು ಉಚಿತ. ಆದರೆ ಗುಡಿಯೊಡನೆ ಬಾವಿಯನ್ನೂ ಸೇರಿಸಿ ಹೇಳಿರುವುದು ಅರ್ಥಪೂರ್ಣವಾಗಿದೆ. ಇದು ಮಳೆ ಕಡಿಮೆಯಿರುವ ಎರೆಭೂಮಿಯ ಪ್ರದೇಶ. ಸನಿಹದಲ್ಲಿ ದೊಡ್ಡ ನದಿಯಿಲ್ಲ. ಇಂತಹ ನೆಲದಲ್ಲಿ ಅಗ್ರಹಾರ, ಟಂಕಸಾಲೆ, ಬಸದಿ, ಗುಡಿಗಳು ಒಂದೆಡೆ ನೆಲೆಗೊಳ್ಳಬೇಕಾದರೆ ಮೊದಲು ನೀರಿನ ವ್ಯವಸ್ಥೆಯಾಗಬೇಕು. ಬಾವಿಗಳನ್ನು ನೋಡದೆ ಗುಡಿಗಳನ್ನು ಮಾತ್ರ ನೋಡುವುದೆಂದರೆ ಪಟ್ಟಣದ ಅರ್ಧ ಚರಿತ್ರೆಯನ್ನು ಬಿಟ್ಟಂತೆ.

ಸಂರಕ್ಷಣೆ ಮತ್ತು ಜನಜೀವನ

ಇಲ್ಲಿಯ ಹಲವು ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತಲಿನ 100 ಮೀಟರ್ ಪ್ರದೇಶದಲ್ಲಿ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ಪ್ರದೇಶದಲ್ಲಿ ಕಟ್ಟಡಕ್ಕೆ ಅನುಮತಿ ಬೇಕು. ಹಳೆಯ ಮನೆಯ ದುರಸ್ತಿಗೂ ಒಪ್ಪಿಗೆ ಪಡೆಯಬೇಕಾಗುತ್ತದೆ. ಸ್ಮಾರಕಗಳು ಮನೆಗಳ ನಡುವೆಯೇ ಇರುವ ಊರಿನಲ್ಲಿ ಈ ನಿಯಮದ ಭಾರವನ್ನು ಹೊರುವವರು ಅಲ್ಲಿಯ ನಿವಾಸಿಗಳು. ಈ ನಿಯಮವಿಲ್ಲದಿದ್ದರೆ ಗುಡಿಗಳ ಸುತ್ತಲಿನ ನೆಲದಲ್ಲಿ ಹುದುಗಿರುವ ಅವಶೇಷಗಳಿಗೆ ಉಳಿಗಾಲವಿಲ್ಲ. ಪ್ರವಾಸಿಯು ಈ ಎರಡು ಸತ್ಯಗಳನ್ನೂ ಅರಿತಿರಬೇಕು.

ಪ್ರವಾಸಿಗರಿಗೆ ಸೂಚನೆಗಳು

* ಹತ್ತಿರದ ರೈಲು ನಿಲ್ದಾಣ ಗದಗ. ವಿಮಾನ ನಿಲ್ದಾಣ ಹುಬ್ಬಳ್ಳಿ. ಗದಗದಿಂದ ಬಸ್ ಸೌಕರ್ಯವಿದೆ.
* ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅನುಕೂಲಕರ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಲೇಸು.
* ಊರನ್ನು ಕಾಲ್ನಡಿಗೆಯಲ್ಲಿ ನೋಡಲು ಕನಿಷ್ಠ ಅರ್ಧ ದಿನ ಬೇಕು.
* ಬಳಪದ ಕಲ್ಲು ಮೃದುವಾದುದರಿಂದ ಬೇಗ ಗೀರು ಬೀಳುತ್ತದೆ. ಶಿಲ್ಪಗಳನ್ನು ಉಜ್ಜುವುದು, ಶಾಸನದ ಅಕ್ಷರಗಳಿಗೆ ಸುಣ್ಣ ಅಥವಾ ಬಣ್ಣ ತುಂಬುವುದು ಸಲ್ಲದು.
* ಬಾವಿಗಳ ಮೆಟ್ಟಿಲುಗಳು ಕಡಿದಾಗಿರುವುದರಿಂದ ಮಕ್ಕಳ ಬಗ್ಗೆ ಎಚ್ಚರಿಕೆ ಅಗತ್ಯ.
* ಮನೆಗಳ ಅಂಗಳವನ್ನು ಹಾದು ಹೋಗಬೇಕಾದಲ್ಲಿ ಮನೆಯವರನ್ನು ಕೇಳಿ ಮುಂದುವರಿಯಬೇಕು.

ಸಮೀಪದ ಸ್ಥಳಗಳು

ಗದಗದ ತ್ರಿಕೂಟೇಶ್ವರ ಮತ್ತು ವೀರನಾರಾಯಣ ದೇವಾಲಯಗಳು, ನಕ್ಷತ್ರಾಕಾರದ ತಳವಿನ್ಯಾಸವುಳ್ಳ ಡಂಬಳದ ದೊಡ್ಡಬಸಪ್ಪ ದೇವಾಲಯ, ಕೊಪ್ಪಳ ಜಿಲ್ಲೆಯ ಕುಕನೂರಿನ ನವಲಿಂಗ ದೇವಾಲಯ ಹಾಗೂ ಕ್ರಿ.ಶ. 1112ರಲ್ಲಿ ನಿರ್ಮಿತವಾದ ಇಟಗಿಯ ಮಹಾದೇವ ದೇವಾಲಯಗಳನ್ನು ಇದೇ ಪ್ರವಾಸದಲ್ಲಿ ಸಂದರ್ಶಿಸಬಹುದು. ಲಕ್ಕುಂಡಿಯ ಬಳಿಕ ಇಟಗಿಯನ್ನು ನೋಡಿದರೆ ಬ್ರಹ್ಮ ಜಿನಾಲಯದಿಂದ ಮೊದಲ್ಗೊಂಡು ಒಂದು ಶತಮಾನದ ಅವಧಿಯಲ್ಲಿ ಚಾಲುಕ್ಯ ಶಿಲ್ಪಕಲೆಯು ಸಾಧಿಸಿದ ಪ್ರೌಢಿಮೆಯು ಸ್ಪಷ್ಟವಾಗುತ್ತದೆ.