ಫ್ರಿಜ್ಜಿನ ಬಾಗಿಲೂ ಹೈದರಾಬಾದಿನ ಬಂಡೆಯೂ

ಬರಿಗಾಲಿನಲ್ಲಿ ನಿಂತು ಫ್ರಿಜ್ಜಿನ ಬಾಗಿಲನ್ನು ಮುಟ್ಟಿದರೆ ಕೈ ಜುಮ್ಮೆನ್ನುವುದು, ಚಪ್ಪಲಿ ಮೆಟ್ಟಿದ್ದರೆ ಏನೂ ಆಗದಿರುವುದು ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. "ಸ್ವಲ್ಪ ಕರೆಂಟ್ ಬರುತ್ತದೆ, ಅಷ್ಟೆ" ಎಂದು ಮನೆಯವರು ಅದಕ್ಕೆ ಒಗ್ಗಿಹೋಗಿರುತ್ತಾರೆ. ಒಗ್ಗಿಹೋಗತಕ್ಕ ವಿಷಯ ಇದಲ್ಲ.

ಫ್ರಿಜ್ಜಿನ ಮೋಟಾರಿನ ಸುರುಳಿಗಳಿಂದ ಲೋಹದ ಹೊರಕವಚಕ್ಕೆ ಅತ್ಯಲ್ಪ ವಿದ್ಯುತ್ತು ಸದಾ ಸೋರುತ್ತಿರುತ್ತದೆ. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲು ಅದನ್ನು ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಒಯ್ಯಬೇಕು. ಆ ದಾರಿ ಕಡಿದಿದ್ದರೆ ಅದು ನಮ್ಮ ದೇಹವನ್ನೇ ದಾರಿ ಮಾಡಿಕೊಳ್ಳುತ್ತದೆ. ಇಂದು ಬರಿಯ ಜುಮ್ಮೆನಿಸಿದ್ದು, ಒಳಗಿನ ತಂತಿಯ ಹೊದಿಕೆ ಹರಿದ ದಿನ ಪ್ರಾಣಾಂತಿಕವಾಗಬಲ್ಲದು.

ಹೈದರಾಬಾದಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವುಂಟು. ನಗರವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯ ಮೇಲೆ ನಿಂತಿದೆ. ಬಂಜಾರಾ ಹಿಲ್ಸ್‌ನ ಬಂಡೆಗಳು, ಹಂಪೆಯನ್ನು ಕಂಡವರಿಗೆ ತಾಯ್ನಾಡನ್ನು ನೆನಪಿಸಿಯಾವು. ವಿದ್ಯುತ್ತಿಗಾದರೋ ಅವು ಕೆಟ್ಟ ದಾರಿ. ಬಂಡೆಯ ಮೇಲಿನ ತೆಳುಮಣ್ಣು ಮೇ ತಿಂಗಳ ಬಿಸಿಲಿಗೆ ಒಣಗಿದಾಗ ನೆಲದ ಪ್ರತಿರೋಧವು ಇನ್ನೂ ಏರುತ್ತದೆ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಬೇಸಗೆಯಲ್ಲಿ ನೀರೆರೆಯುವುದು ಈ ಕಾರಣದಿಂದಲೇ. ಬಹುಮಹಡಿ ಕಟ್ಟಡಗಳಲ್ಲಿ ಆ ಗುಂಡಿ ಎಲ್ಲಿದೆಯೆಂದು ಬಲ್ಲ ನಿವಾಸಿಗಳು ವಿರಳ.

ಲೆಕ್ಕ ಸರಳವಾಗಿದೆ. ನೆಲದ ಮೂಲಕ ಹೋಗುವ ದಾರಿಯ ಪ್ರತಿರೋಧ 50 ಓಮ್ ಇದ್ದರೆ, 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸು ಇದಕ್ಕೆ ಕರಗದು. ಫ್ರಿಜ್ಜಿನ ಕವಚ ವಿದ್ಯುತ್ತನ್ನು ಹೊತ್ತೇ ನಿಂತಿರುತ್ತದೆ. ಮನುಷ್ಯನಿಗಾದರೆ 10 ಮಿಲಿಆಂಪಿಯರಿನ ಆಸುಪಾಸಿನಲ್ಲೇ ಸ್ನಾಯುಗಳು ಬಿಗಿದು ಹಿಡಿದ ಕೈ ಬಿಡಲಾಗದು. ಅದರ ಕೆಲವು ಪಟ್ಟು ಹರಿದರೆ ಹೃದಯದ ಲಯವೇ ತಪ್ಪಬಹುದು.

ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಆರ್.ಸಿ.ಸಿ.ಬಿ. ಬೇಕು. ಅದು ಹೋದ ವಿದ್ಯುತ್ತನ್ನೂ ಮರಳಿದ ವಿದ್ಯುತ್ತನ್ನೂ ತೂಗಿ ನೋಡಿ, 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿನ 'ಟಿ' ಗುಂಡಿಯನ್ನು ಆಗಾಗ ಒತ್ತಿ ಪರೀಕ್ಷಿಸುವುದು ಅವಶ್ಯ. ಹಾಗೆಂದು ಅರ್ಥಿಂಗನ್ನು ಕೈಬಿಡುವಂತಿಲ್ಲ.

ಟೆಸ್ಟರನ್ನು ಬಹಳ ನೆಚ್ಚಬೇಡಿರಿ. ಅರ್ಥಿಂಗ್ ರಂಧ್ರದಲ್ಲಿ ಅದರ ದೀಪ ಬೆಳಗಿದರೆ ದೋಷವಿದೆಯೆಂದು ಖಚಿತ. ಬೆಳಗದಿದ್ದರೆ ಎಲ್ಲವೂ ಸರಿಯೆಂದಲ್ಲ. ತಂತಿ ಕಡಿದಿದ್ದರೂ ಅದು ಬೆಳಗದು.

ಯಾರಾದರೂ ವಿದ್ಯುತ್ತಿಗೆ ಸಿಕ್ಕಿಕೊಂಡರೆ ಮುಟ್ಟದೆ ಮೊದಲು ಮೇನ್ ಸ್ವಿಚ್ ಆರಿಸಿರಿ. 108ಕ್ಕೆ ಕರೆ ಮಾಡಿರಿ. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು; ನೆರವು ಬರುವವರೆಗೂ ನಿಲ್ಲಿಸಬಾರದು.